ಬರೆ ಜರಿಯುವ ಮೊದಲು ನೆಲದಡಿ ಆಗುವುದೇನು?

2018ರ ಆಗಸ್ಟ್‌ನಲ್ಲಿ ಕೊಡಗು ಭಾಗದ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲಗಳಲ್ಲಿ ಗುಡ್ಡ ಜರಿದು ಕಾಫಿ ತೋಟ, ಮನೆ, ರಸ್ತೆಗಳು ಕೊಚ್ಚಿಹೋದಾಗ ಜನರ ಅನುಮಾನ ಮೊದಲು ಹೋದದ್ದು ಭೂಕಂಪದತ್ತ. ಜುಲೈ 9ರಂದು 3.4 ತೀವ್ರತೆಯ ಕಂಪನ ದಾಖಲಾಗಿತ್ತಲ್ಲ! ಆದರೆ ಸ್ಥಳ ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿದ್ದು ಎಡೆಬಿಡದ ಮಳೆಯನ್ನು ಮತ್ತು ಮನೆ, ರಸ್ತೆಗಳಿಗಾಗಿ ಕಡಿದ ಇಳಿಜಾರುಗಳನ್ನು, ಅಂದರೆ ಬರೆಗಳನ್ನು.

ಕೊಡಗಿನ ಬುಡ ಬಲು ಗಟ್ಟಿ. 2015ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇಲ್ಲಿನ ಚಾರ್ನೊಕೈಟ್ (ಗ್ರಾನೈಟ್‌ನಂಥ ಗಟ್ಟಿ ಕಲ್ಲು) ಮೊದಲಾದ ಶಿಲೆಗಳಲ್ಲಿರುವ ಜಿರ್ಕಾನ್ ಹರಳುಗಳ ವಯಸ್ಸನ್ನು ಅಳೆಯಿತು. ಈ ಹರಳು ಹುಟ್ಟುವಾಗ ಒಳಗೆ ಸೇರಿದ ಯುರೇನಿಯಂ ನಿಗದಿತ ಗತಿಯಲ್ಲಿ ಸೀಸವಾಗುತ್ತದೆ. ಎರಡರ ಪ್ರಮಾಣವೇ ವಯಸ್ಸನ್ನು ಹೇಳುತ್ತದೆ. ಸಿಕ್ಕ ಉತ್ತರ ಸುಮಾರು 310ರಿಂದ 320 ಕೋಟಿ ವರ್ಷ. ಒಂದು ಕಾಲಕ್ಕೆ ಕೊಡಗು ಬೇರೆಯೇ ಕಿರುಖಂಡವಾಗಿದ್ದು, ಬಳಿಕ ಕರ್ನಾಟಕದ ಬಹುಭಾಗದ ಬುಡವಾಗಿರುವ ಧಾರವಾಡ ಎಂಬ ಪುರಾತನ ಭೂಭಾಗಕ್ಕೆ ಬಂದು ಬೆಸೆದುಕೊಂಡಿತು ಎಂಬುದು ಆ ತಂಡದ ವಾದ.

ಅಷ್ಟು ಹಳೆಯ ಬಂಡೆಯ ಮೇಲಿನ ಮಣ್ಣೇಕೆ ಇಷ್ಟು ಸಡಿಲ? ಮಳೆ ಮತ್ತು ಬಿಸಿಲು ಲಕ್ಷಾಂತರ ವರ್ಷ ಬಂಡೆಯನ್ನು ಕೊಳೆಸಿವೆ. ಹೊಸದಾಗಿ ಕಡಿದ ಬರೆಯನ್ನು ಹತ್ತಿರದಿಂದ ನೋಡಿ: ಕಲ್ಲಿನ ಪಟ್ಟೆಗಳು ಹಾಗೇ ಇವೆ, ಆದರೆ ಬೆರಳಿನಿಂದ ಒತ್ತಿದರೆ ಸಾಕು, ಪುಡಿಯಾಗುತ್ತದೆ. ಫೆಲ್ಡ್‌ಸ್ಪಾರ್ ಖನಿಜ ಜೇಡಿಯಾಗಿದೆ, ಕಬ್ಬಿಣಾಂಶ ತುಕ್ಕು ಹಿಡಿದು ಕೆಂಪಾಗಿದೆ. ವಾರಗಟ್ಟಲೆ ಸುರಿದ ಮಳೆನೀರು ಈ ಪದರದ ಮೂಲಕ ಇಳಿದು ಅಡಿಯ ಗಟ್ಟಿ ಬಂಡೆಯ ಮೇಲೆ ನಿಲ್ಲುತ್ತದೆ. ಕಣಗಳ ನಡುವೆ ನೀರಿನ ಒತ್ತಡ ಏರಿದಂತೆ ಅವುಗಳ ಹಿಡಿತ ತಪ್ಪುತ್ತದೆ. ಗುಡ್ಡದ ಕಾಲನ್ನು ಮೊದಲೇ ಕಡಿದಿದ್ದರೆ ನೆನೆದ ಮಣ್ಣಿನ ಭಾರವನ್ನು ತಡೆಯಲು ಕೆಳಗೆ ಏನೂ ಉಳಿದಿರುವುದಿಲ್ಲ.

2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗುಡ್ಡ ಕುಸಿದು ಅರ್ಚಕರ ಮನೆ ಮಣ್ಣುಪಾಲಾದಾಗ ಮೇಲೆ ತೋಡಿದ್ದ ಇಂಗುಗುಂಡಿಗಳ ಬಗ್ಗೆ ಪ್ರಶ್ನೆ ಎದ್ದಿತು. ಬಯಲುಸೀಮೆಗೆ ವರವಾದ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ನೀರನ್ನು ಮಣ್ಣಿನೊಳಕ್ಕೇ ತುಂಬುತ್ತದೆ. 2022ರ ಜೂನ್‌ನಲ್ಲಿ ಚೆಂಬು, ಸಂಪಾಜೆ ಭಾಗದಲ್ಲಿ ಸಣ್ಣ ಕಂಪನಗಳಾದಾಗ ಭೂಕಂಪದ ಭಯ ಮರಳಿತು. ಕಂಪನವನ್ನು ಅಳೆಯಲೇಬೇಕು, ನಿಜ. ಆದರೆ ಅದನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಬರೆ ಕಡಿಯದಿರುವುದು ನಮ್ಮ ಕೈಯಲ್ಲಿದೆ.

ಸರ್ವೇಕ್ಷಣಾ ಸಂಸ್ಥೆ 2014ರಿಂದ ದೇಶದ ಭೂಕುಸಿತ ಸಾಧ್ಯತೆಯ ನಕ್ಷೆ ತಯಾರಿಸಿದೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಎಚ್ಚರಿಕೆ ಬೇಕಾದ ಊರು ಅದರಲ್ಲಿ ಕಾಣುತ್ತದೆ, ಒಂದು ಮನೆಯ ಹಿಂದಿನ ಬರೆ ಕಾಣುವುದಿಲ್ಲ. ಹಾಗಾಗಿ ಭೂಪರಿವರ್ತನೆಯ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸುವ) ಅರ್ಜಿಗೆ ಸಹಿ ಬೀಳುವ ಮೊದಲು ಭೂವಿಜ್ಞಾನಿಯೊಬ್ಬರು ಆ ಜಾಗಕ್ಕೇ ಬಂದು, ಮಣ್ಣಿನ ಆಳವನ್ನೂ ನೀರು ಹೋಗುವ ದಾರಿಯನ್ನೂ ನೋಡಲೇಬೇಕು.