ಹಾಕಿದ್ದಕ್ಕೇ ಬಂತಾ, ಹಾಕದಿದ್ದರೂ ಬರ್ತಿತ್ತಾ?

ಕಾಫಿ ತೋಟಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಮಳೆ ಸ್ವಲ್ಪ ಬಿಡುವು ಕೊಟ್ಟರೆ ಸಾಕು, ಫೋನ್ ಶುರು. "ಸರ್, ಎಲೆ ಹಳದಿ ಆಗಿದೆ, ಯೂರಿಯಾ ಎಷ್ಟು ಹಾಕಲಿ?" ಉತ್ತರ ಆಗಲೇ ತೀರ್ಮಾನ ಆಗಿಬಿಟ್ಟಿದೆ, ನನ್ನಿಂದ ಬೇಕಾಗಿರುವುದು ಲೆಕ್ಕ ಮಾತ್ರ!

ಯೂರಿಯಾ ಕೊಡುವುದು ಸಾರಜನಕ. ಅದು ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ, ನಿಜ. ಹಾಗಂತ ಹಳದಿಯಾದ ಎಲೆಗೆಲ್ಲ ಸಾರಜನಕವೇ ಕಡಿಮೆ ಅಂತಲ್ಲ. ಬುಡದಲ್ಲಿ ನೀರು ನಿಂತು ಬೇರಿಗೆ ಗಾಳಿ ಸಿಗದಿದ್ದರೂ ಹಳದಿ. ಕಬ್ಬಿಣದ ಅಂಶ ಸಿಗದಿದ್ದರೂ ಹಳದಿ. ಅರೇಬಿಕಾ ಜಾತಿಯ ಕಾಫಿಯಲ್ಲಿ ಕಾಂಡಕೊರಕ ಹುಳು ಹೊಕ್ಕರೂ ಹಳದಿ. ಆದ್ದರಿಂದ ಹಳದಿಯನ್ನೇ ನೋಡುತ್ತಾ ಕೂತರೆ ಏನೂ ಗೊತ್ತಾಗಲ್ಲ. ಒಂದು ಕಾರಣಕ್ಕಿದ್ದು ಇನ್ನೊಂದಕ್ಕೆ ಇರದ ಗುರುತನ್ನು ಹುಡುಕಬೇಕು. ಸಾರಜನಕದ ಕೊರತೆ ಮೊದಲು ಹಳೇ ಎಲೆಯಲ್ಲಿ ಕಾಣುತ್ತದೆ, ಯಾಕೆಂದರೆ ಗಿಡ ಅದನ್ನು ಹಳೇ ಎಲೆಯಿಂದ ಚಿಗುರಿಗೆ ಸಾಗಿಸಿಕೊಳ್ಳುತ್ತದೆ. ಕಬ್ಬಿಣವನ್ನು ಹಾಗೆ ಸಾಗಿಸಲು ಆಗಲ್ಲ. ಅದರ ಕೊರತೆಯಲ್ಲಿ ಎಳೆ ಎಲೆಯೇ ಬಿಳಚುತ್ತದೆ, ನರಗಳು ಮಾತ್ರ ಹಸಿರು. ಕೊರಕವಿದ್ದರೆ ಕಾಂಡದ ಮೇಲೆ ಉಬ್ಬಿದ ಗೆರೆ. ಬರೀ ತಗ್ಗಿನ ಗಿಡಗಳೇ ಹಳದಿಯಾಗಿದ್ದರೆ ಮೊದಲು ಚರಂಡಿ ಬಿಡಿಸಿ, ಗೊಬ್ಬರ ಆಮೇಲೆ.

ಇದು ಸುಲಭದ್ದು. ಕಷ್ಟದ್ದು ಬೇರೆ ಇದೆ.

"ಹೋದ ವರ್ಷ ಫಸಲು ಕೈಕೊಟ್ಟಿತು. ಈ ಸಲ ಹೊಸ ಟಾನಿಕ್ ಹೊಡೆಸಿದೆ, ನೋಡಿ ಹೇಗೆ ಬಂದಿದೆ!" ಇದನ್ನು ಗೋಣಿಕೊಪ್ಪದಲ್ಲೂ ಕೇಳಿದ್ದೇನೆ, ಸೋಮವಾರಪೇಟೆಯಲ್ಲೂ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಆದರೆ ಕಾಫಿ ಗಿಡದ ಸ್ವಭಾವವೇ ಒಂದು ವರ್ಷ ಜಾಸ್ತಿ, ಮರುವರ್ಷ ಕಡಿಮೆ. ಫಸಲು ಭಾರವಾದ ವರ್ಷ ಗಿಡದ ಶಕ್ತಿಯೆಲ್ಲ ಕಾಯಿಗೆ ಹೋಗುತ್ತದೆ, ಮುಂದಿನ ವರ್ಷ ಕಾಯಿ ಹಿಡಿಯಬೇಕಾದ ರೆಂಬೆ ಸರಿಯಾಗಿ ಬೆಳೆಯುವುದಿಲ್ಲ. ಕಡಿಮೆ ಬಂದ ವರ್ಷ ಇದರ ಉಲ್ಟಾ. ನಾವು ಟಾನಿಕ್ ಹುಡುಕುವುದು ಯಾವಾಗ? ಫಸಲು ಕೈಕೊಟ್ಟಾಗ. ಹಾಗಾದರೆ ಮರುವರ್ಷ ಏನು ಹೊಡೆದರೂ, ಸುಮ್ನೆ ನೀರು ಹೊಡೆದರೂ, ಫಸಲು ಏರುವ ಸಾಧ್ಯತೆಯೇ ಜಾಸ್ತಿ ಅಲ್ವಾ? ಅಂಗಡಿಯವನಿಗೆ ಇದಕ್ಕಿಂತ ಒಳ್ಳೇ ಗಿರಾಕಿ ಬೇಕಾ?

ಅದರ ಮೇಲೆ ಹೂಮಳೆ ಬೇರೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆ ಮಳೆ. ರೋಬಸ್ಟಾ ಜಾತಿಯ ಕಾಫಿಗೆ ಬೇರೆ ಗಿಡದ ಪರಾಗ ಬೇಕು, ಹೂ ಅರಳಿದ ದಿನವೇ ಮತ್ತೆ ಮಳೆ ಸುರಿದರೆ ಕಾಯಿ ಕಟ್ಟುವುದು ಕಡಿಮೆ. ಟಾನಿಕ್ ಹೊಡೆಸಿದ ವರ್ಷ ಮಳೆಯ ಪುಣ್ಯವೂ ಸರಿಯಾಗಿ ಒದಗಿರಬಹುದು. ಹೊಗಳಿಕೆಯೆಲ್ಲ ಡಬ್ಬಕ್ಕೆ!

ಪಕ್ಕದ ತೋಟದವರಿಗೂ ಬಂತು ಅನ್ನುತ್ತೀರಿ. ಬಂದವರು ಮದುವೆ ಊಟದಲ್ಲಿ ಹತ್ತು ಜನಕ್ಕೆ ಹೇಳುತ್ತಾರೆ. ಬಾರದವರು ದುಡ್ಡು ಹೋಯಿತೆಂದು ಬಾಯಿ ಬಿಡುವುದಿಲ್ಲ.

ದಾರಿ ಒಂದೇ: ಕೆಲವು ಸಾಲಿಗೆ ಹೊಡೆಯದೆ ಬಿಡಿ. "ಅಷ್ಟು ಗಿಡದ ಫಸಲು ಲಾಸ್ ಆದ್ರೆ?" ಅಂತ ಎಲ್ಲರೂ ಕೇಳುತ್ತಾರೆ. ಕೆಲಸಕ್ಕೆ ಬಾರದ್ದನ್ನು ವರ್ಷಾ ವರ್ಷ ಇಡೀ ತೋಟಕ್ಕೆ ಹೊಡೆಸುವ ಲಾಸ್ ಯಾರೂ ಲೆಕ್ಕ ಹಾಕಲ್ಲ.

ಯಾವ ಸಾಲು ಬಿಡಬೇಕು ಅನ್ನುವುದನ್ನು ತೋಟದ ಲೆಕ್ಕ ಬರೆಯುವ ರೈಟರಿಗೂ ಬಿಡಬೇಡಿ, ನೀವೂ ಆರಿಸಬೇಡಿ. ಗೊತ್ತಿಲ್ಲದೆಯೇ ಸೊರಗಿದ ಸಾಲನ್ನು ಬಿಡುತ್ತೇವೆ. ಒಂದೇ ವಯಸ್ಸಿನ, ಒಂದೇ ಥರ ನೆರಳಿರುವ ಬ್ಲಾಕಿನಲ್ಲಿ ಸಾಲಿಗೆ ನಂಬರ್ ಹಾಕಿ ಚೀಟಿ ಎತ್ತಿ. ಹೀಗೆ ಚೀಟಿ ಎತ್ತುವುದನ್ನು ಪ್ರಯೋಗದ ನಿಯಮವಾಗಿ ಮಾಡಿದವರು 1919ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ ರೊನಾಲ್ಡ್ ಫಿಷರ್. 1948ರಲ್ಲಿ ಪ್ರಕಟವಾದ ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲೂ ಯಾವ ರೋಗಿಗೆ ಔಷಧಿ ಎಂಬುದನ್ನು ಹೀಗೇ ಅದೃಷ್ಟಕ್ಕೆ ಬಿಟ್ಟಿದ್ದರು. ಹೊಲದ ಬುದ್ಧಿ ಆಸ್ಪತ್ರೆಗೆ ಹೋದದ್ದು ಅಂದರೆ ನನಗೆ ಒಳಗೊಳಗೇ ಖುಷಿ.

ಒಂದೇ ವರ್ಷ ನೋಡಿ ತೀರ್ಪು ಕೊಡಬೇಡಿ. ಜಾಸ್ತಿ ವರ್ಷ, ಕಡಿಮೆ ವರ್ಷ ಎರಡೂ ಕಳೆಯಲಿ. ಇನ್ನೊಂದು, ಸಾಲಿಗೆ ಹಾಕಿದ ಬಣ್ಣದ ಗುರುತು ಕುಯ್ಲಿನ ತನಕ ಅಳಿಯದ ಹಾಗೆ ನೋಡಿಕೊಳ್ಳಿ. ಕುಯ್ಲಿನ ದಿನ ಹೊಡೆದ ಸಾಲಿನ, ಬಿಟ್ಟ ಸಾಲಿನ ಹಣ್ಣನ್ನು ಬೇರೆ ಬೇರೆ ಚೀಲಕ್ಕೆ ತುಂಬಿಸಿ, ಕಣಕ್ಕೆ ಸುರಿಯುವ ಮೊದಲೇ ತೂಕ ಮಾಡಿ ಬರೆದಿಡಿ. ಹೆಚ್ಚಿನ ಪ್ರಯೋಗಗಳು ಹಾಳಾಗುವುದು ಇಲ್ಲೇ, ಸಂಜೆ ಗಡಿಬಿಡಿಯಲ್ಲಿ ಎಲ್ಲ ಒಂದೇ ರಾಶಿಗೆ ಬಿದ್ದು.