ಕೌನ್ಸೆಲರ್ ಇಡುವಷ್ಟು ದೊಡ್ಡ ಯೂನಿಟ್ ನಮ್ಮದಲ್ಲ, ಏನು ಮಾಡೋಣ?

ಪ್ರಶ್ನೆ: ಹಾಸನದಲ್ಲಿ ನಮ್ಮದು 70 ಜನರ ಗಾರ್ಮೆಂಟ್ಸ್ ಯೂನಿಟ್. ಹೆಚ್ಚಿನವರು ಆಲೂರು, ಹೊಳೆನರಸೀಪುರ ಕಡೆಯಿಂದ ಬಸ್ಸಿನಲ್ಲಿ ಬರುವ ಹೆಣ್ಣುಮಕ್ಕಳು. ಚೆನ್ನಾಗಿ ಹೊಲಿಯುತ್ತಿದ್ದ ಒಬ್ಬರು ಮೂರು ವಾರದಿಂದ ಮಂಕಾಗಿದ್ದಾರೆ. ಪೀಸ್‌ಗಳು ರಿಪೇರಿಗೆ ವಾಪಸ್ ಬರುತ್ತಿವೆ, ಊಟಕ್ಕೂ ಒಬ್ಬರೇ ಕೂರುತ್ತಾರೆ. ಮಾಲೀಕರಾಗಿ ನಾವೇನು ಮಾಡಬಹುದು?

ಉತ್ತರ: ಮೊದಲು ಮಾತಾಡಿಸಿ. ಹದಿನೈದು ನಿಮಿಷ ಸಾಕು, ಆದರೆ ಬಾಗಿಲು ಹಾಕಿಕೊಳ್ಳಲು ಬರುವ ಕೋಣೆ ಬೇಕು. ಮಷೀನ್ ಪಕ್ಕ ನಿಂತು ಕೇಳಿದರೆ ಯಾರೂ ನಿಜ ಹೇಳುವುದಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೂ ಕರೆಯಬೇಡಿ, ಆಗ ಅವರ ಜೀವವೆಲ್ಲ ಬಸ್ಸಿನ ಮೇಲಿರುತ್ತದೆ. ಊಟ ಮುಗಿದ ಮೇಲೆ, ಅವರಿಗೆ ನಂಬಿಕೆ ಇರುವ ಒಬ್ಬ ಹೆಂಗಸು ಕೇಳಲಿ. ಕಾಯಿಲೆಯ ಹೆಸರು ಎತ್ತದೆ, ಕಣ್ಣಿಗೆ ಕಂಡದ್ದನ್ನಷ್ಟೇ ಹೇಳಬೇಕು: "ಯಾಕಕ್ಕ, ಊಟಕ್ಕೆ ಯಾರ ಜೊತೇನೂ ಕೂರ್ತಿಲ್ಲ. ಕಾಲರ್ ಹೊಲಿಗೇಲಿ ನಿಮ್ಮ ಕೈ ತಪ್ಪಿದ್ದೇ ಇಲ್ಲ. ಮೈ ಹುಷಾರಿದೆಯಾ, ರಾತ್ರಿ ನಿದ್ದೆ ಬರುತ್ತಾ?" ನಿದ್ದೆಯ ಪ್ರಶ್ನೆಗೆ ಉತ್ತರ ಸಲೀಸಾಗಿ ಬರುತ್ತದೆ. ನಮ್ಮಲ್ಲಿ ಬೇಸರ ಅನ್ನುವವರಿಗಿಂತ ತಲೆನೋವು, ಸುಸ್ತು, ಎದೆ ಭಾರ ಅನ್ನುವವರೇ ಜಾಸ್ತಿ. "ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದಿರೋ, ಮಾತು ಅಲ್ಲಿಗೇ ನಿಲ್ಲುತ್ತದೆ.

"ಬದುಕಿ ಏನು ಪ್ರಯೋಜನ" ಎಂಬಂಥ ಮಾತು ಬಂದರೆ, ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಸ್ಸು ಹತ್ತಿಸಬೇಡಿ. ಮನೆಯವರನ್ನು ಕರೆಸಿ, ಅವತ್ತೇ ಹಾಸನದ ಸರ್ಕಾರಿ ಆಸ್ಪತ್ರೆ ಹಿಮ್ಸ್‌ಗೆ ಕರೆದುಕೊಂಡು ಹೋಗಿ. ಅಷ್ಟು ತುರ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ನಂಬರನ್ನು ನೋಟಿಸ್ ಬೋರ್ಡಿಗಿಂತ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ, ಅಲ್ಲಾದರೆ ಯಾರೂ ನೋಡದಂತೆ ಬರೆದುಕೊಳ್ಳಬಹುದು.

ಇನ್ನು ರಜೆ. ಯೂನಿಟ್ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಮನಸ್ಸಿನ ಕಾಯಿಲೆಗೂ ಅನಾರೋಗ್ಯ ಭತ್ಯೆ ಸಿಗುತ್ತದೆ: ಸಂಬಳದ ಶೇ. 70, ವರ್ಷಕ್ಕೆ 91 ದಿನಗಳವರೆಗೆ. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು, ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಭತ್ಯೆ ಬರುವುದಿಲ್ಲ. ದಿನದ ಕೂಲಿ ಹೋಗುತ್ತದೆಂದು ಜನ ಆಸ್ಪತ್ರೆ ಮುಂದೂಡುವುದು ಇಲ್ಲೇ, ಆ ಎರಡು ದಿನದ ಸಂಬಳ ನೀವು ಕೊಡಿ. ರಿಜಿಸ್ಟರ್‌ನಲ್ಲಿ "ಅನಾರೋಗ್ಯ" ಎಂದಷ್ಟೇ ಇರಲಿ. ಔಷಧಿ ಚೀಟಿಯ ಫೋಟೋವನ್ನು ವಾಟ್ಸಾಪ್ ಗ್ರೂಪಿಗೆ ಹಾಕಿಸಿಕೊಳ್ಳುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಟೀ ಹೊತ್ತಿಗೆ ಇಡೀ ಲೈನಿಗೆ ಗೊತ್ತಾಗಿರುತ್ತದೆ.

ವೈದ್ಯರು ಖಿನ್ನತೆ ಎಂದು ಮಾತ್ರೆ ಕೊಟ್ಟರೆ, ಅದು ಕೆಲಸ ಮಾಡಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ತೂಕಡಿಕೆ, ಹೊಟ್ಟೆ ತೊಳಸುವುದು ಮಾತ್ರ ಮೊದಲ ವಾರವೇ ಶುರುವಾಗಬಹುದು. ಹಾಗಾಗಿ ವಾಪಸ್ ಬಂದವರನ್ನು ಕಟಿಂಗ್ ಮಷೀನಿಗೂ ಸ್ಟೀಮ್ ಐರನ್ನಿಗೂ ಹಾಕಬೇಡಿ. ಎರಡು ವಾರ ದಾರ ಕತ್ತರಿಸುವ ಕೆಲಸವೋ ಚೆಕಿಂಗೋ ಕೊಡಿ, ಸಂಬಳ ಟೈಲರ್ ದರದ್ದೇ ಇರಲಿ. ಹುಷಾರಾದರು ಅನ್ನಿಸಿದ ಮೇಲೂ ತಿಂಗಳುಗಟ್ಟಲೆ ಮಾತ್ರೆ ಮುಂದುವರಿಯುತ್ತದೆ, ವೈದ್ಯರು ಕರೆದ ದಿನ ಅರ್ಧ ದಿನ ಬಿಡಲೇಬೇಕು.

ಇಷ್ಟು ಒಬ್ಬರ ಮಾತಾಯಿತು. ಮಿಕ್ಕ 69 ಜನ ಅದೇ ಲೈನಿನಲ್ಲಿ ಕೂತಿದ್ದಾರಲ್ಲ? ನಮ್ಮ ಅಭಿಪ್ರಾಯದಲ್ಲಿ ಒಂದು ದಿನದ ಯೋಗ ಶಿಬಿರಕ್ಕಿಂತ ಗಂಟೆಯ ಟಾರ್ಗೆಟ್ ಸರಿಪಡಿಸುವುದು ಹೆಚ್ಚು ಕೆಲಸ ಮಾಡುತ್ತದೆ. ಒಂದು ಹೊಲಿಗೆಗೆ 40 ಸೆಕೆಂಡ್ ಎಂದರೆ ಕಾಗದದ ಮೇಲೆ ಗಂಟೆಗೆ 90 ಪೀಸ್. ಹೊಸ ಸ್ಟೈಲ್ ಲೈನಿಗೆ ಬಂದ ಮೊದಲ ದಿನವೇ 90 ಕೇಳಿದರೆ ಆಗುವುದಿಲ್ಲ: ಕೈ ಪಳಗಿರುವುದಿಲ್ಲ, ಹಿಂದಿನವರಿಂದ ಬಂಡಲ್ ತಡವಾಗುತ್ತದೆ, ದಾರ ತುಂಡಾಗುತ್ತದೆ. ಬೈಗುಳ ಮಾತ್ರ ಕೊನೆಗೆ ಕೂತವರಿಗೆ. ಮೊದಲ ದಿನ 45, ಎರಡನೇ ದಿನ 60, ಹೀಗೆ ಏರಿಸಿ. ಬೋರ್ಡಿನ ಮೇಲೆ ಒಬ್ಬೊಬ್ಬರ ಹೆಸರಿನ ಮುಂದೆ ಲೆಕ್ಕ ಬರೆಯುವುದನ್ನು ಬಿಟ್ಟು ಲೈನಿನ ಒಟ್ಟು ಲೆಕ್ಕ ಬರೆಯಿರಿ. ಶೌಚಾಲಯಕ್ಕೆ ಟೋಕನ್ ಪದ್ಧತಿ ಇದ್ದರೆ ತೆಗೆದುಹಾಕಿ.

ಮನಸ್ಸು ಕುಗ್ಗಿದವರನ್ನು ಗುರುತಿಸಿ ಮಾತಾಡಿಸಲು ಸೂಪರ್‌ವೈಸರ್‌ಗಳಿಗೆ ತರಬೇತಿ ಕೊಡಿಸಿ. ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಮಾರ್ಗಸೂಚಿ ಇದನ್ನು ಸ್ಪಷ್ಟವಾಗಿ ಶಿಫಾರಸು ಮಾಡುತ್ತದೆ. ಆದರೆ ಎಲ್ಲರ ಕೈಗೂ ಪ್ರಶ್ನಾವಳಿ ಕೊಟ್ಟು ಯಾರಿಗೆ ಖಿನ್ನತೆ ಎಂದು ಹುಡುಕುವುದರಿಂದ ಲಾಭವೋ ನಷ್ಟವೋ ಸ್ಪಷ್ಟವಿಲ್ಲ ಎನ್ನುತ್ತದೆ. ಅಂಥ ಆ್ಯಪ್ ಮಾರಲು ಯಾರಾದರೂ ಬಂದರೆ ಟೀ ಕುಡಿಸಿ ಕಳಿಸಿ.

ಓಟಿಯನ್ನು (ಹೆಚ್ಚುವರಿ ಹೊತ್ತಿನ ಕೆಲಸ) ಸಂಜೆ ನಾಲ್ಕೂವರೆಗೆ ಹೇಳಬೇಡಿ. ಆರ್ಡರ್ ತಾರೀಖು ನಿಮಗೆ ಮೊದಲೇ ಗೊತ್ತಿರುತ್ತದೆ, ಹಿಂದಿನ ದಿನವೇ ಹೇಳಿದರೆ ಮಗುವನ್ನು ಯಾರ ಮನೆಯಲ್ಲಿ ಬಿಡಬೇಕೆಂದು ಅವರು ಮಾತಾಡಿಕೊಂಡು ಬರುತ್ತಾರೆ. ದುಪ್ಪಟ್ಟು ದರ ಕಾನೂನಿನಲ್ಲೇ ಇದೆ. ಅದರ ಜೊತೆ ಆಲೂರು ಕಡೆಯವರಿಗೆ ವಾಪಸ್ ಹೋಗಲು ಒಂದು ಟೆಂಪೋ ಗೊತ್ತುಮಾಡಿ.