ಮೈ ಕೆಂಪಾದದ್ದು ಜ್ವರದ ಎಷ್ಟನೇ ದಿನ?

ಕಳೆದ ಮಳೆಗಾಲದಲ್ಲಿ ಪೆರ್ಲ ಕಡೆಯಿಂದ ಒಬ್ಬರು ಅಜ್ಜಿ 11 ತಿಂಗಳ ಮೊಮ್ಮಗಳನ್ನು ಎತ್ತಿಕೊಂಡು ಬಂದಿದ್ದರು. “ಡಾಕ್ಟ್ರೇ, ಮೈಯೆಲ್ಲ ಕೆಂಪಾಗಿದೆ. ದಡಾರವೋ ಏನೋ, ಒಮ್ಮೆ ನೋಡಿ.” ಜ್ವರ ಯಾವಾಗ ಶುರುವಾಯಿತು, ಮೈ ಕೆಂಪಾದದ್ದು ಯಾವಾಗ ಎಂದು ಕೇಳಿದೆ. ಅಜ್ಜಿ ಬೆರಳು ಮಡಚಿ ಎಣಿಸಿದರು. “ಸೋಮವಾರ ಜ್ವರ ಬಂತು. ಗುರುವಾರ ರಾತ್ರಿ ಬಿಟ್ಟಿತು. ಶುಕ್ರವಾರ ಬೆಳಿಗ್ಗೆ ಮೀಯಿಸುವಾಗ ಎದೆಯಲ್ಲಿ ಕಂಡದ್ದು.” ಅಷ್ಟರಲ್ಲಿ ಮಗು ನನ್ನ ಸ್ಟೆತಾಸ್ಕೋಪ್ ಎಳೆದು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು.

ಅರ್ಧ ಉತ್ತರ ಅಜ್ಜಿಯ ಬೆರಳಿನಲ್ಲಿತ್ತು, ಉಳಿದರ್ಧ ಮಗುವಿನ ಆಟದಲ್ಲಿ. ಮೂರ್ನಾಲ್ಕು ದಿನ ಜೋರು ಜ್ವರ, ಜ್ವರ ಬಿಟ್ಟ ಮೇಲೆ ಮೈ ಕೆಂಪು. ಇದು ರೋಸಿಯೋಲಾ. 6 ತಿಂಗಳಿಂದ 2 ವರ್ಷದೊಳಗಿನ ಮಕ್ಕಳಿಗೆ ತುಂಬಾ ಸಾಮಾನ್ಯ. ಎರಡು ದಿನದಲ್ಲಿ ಮಾಯುತ್ತದೆ, ಬೇರೆ ಔಷಧಿ ಬೇಡ. ಆದರೆ ಜ್ವರದ ಎರಡನೇ ದಿನ ಯಾರಾದರೂ ಆಂಟಿಬಯಾಟಿಕ್ ಶುರು ಮಾಡಿದ್ದರೆ, ಇದೇ ಕೆಂಪಿಗೆ ‘ಔಷಧಿಯ ಅಲರ್ಜಿ’ ಎಂಬ ಹೆಸರು ಬೀಳುತ್ತದೆ. ಆಮೇಲೆ ಆ ಮಗುವಿಗೆ ನಿಜವಾಗಿ ಬೇಕಾದಾಗಲೂ ಒಳ್ಳೆಯ ಔಷಧಿ ಕೊಡಲು ಎಲ್ಲರೂ ಹೆದರುತ್ತಾರೆ. ಇಂಥ ಮಕ್ಕಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ.

ದಡಾರದ ಲೆಕ್ಕ ಬೇರೆ. ಮೊದಲು ಜ್ವರ, ಕೆಮ್ಮು, ಸುರಿಯುವ ಮೂಗು, ಕೆಂಪು ಕಣ್ಣು. ಮೂರರಿಂದ ಐದನೇ ದಿನದೊಳಗೆ ಕಿವಿಯ ಹಿಂದೆ, ಕೂದಲ ಅಂಚಿನಲ್ಲಿ ಕೆಂಪು ಶುರುವಾಗುತ್ತದೆ. ಅಲ್ಲಿಂದ ಮುಖ, ಎದೆ, ಕಾಲು ಅಂತ ಕೆಳಗೆ ಇಳಿಯುತ್ತದೆ. ಆ ಹೊತ್ತಿಗೆ ಜ್ವರ ಕಡಿಮೆಯಾಗುವುದಿಲ್ಲ, ಇನ್ನೂ ಏರುತ್ತದೆ. ಮಗು ಮಂಕಾಗಿ, ಕಿರಿಕಿರಿ ಮಾಡುತ್ತಾ ಇರುತ್ತದೆ. ದಡಾರ ಎಂದರೆ ದೇವಿಯ ಕೋಪ ಅಂತ ಮನೆಯಲ್ಲೇ ಇರಿಸಿಕೊಳ್ಳಬೇಡಿ. ನ್ಯುಮೋನಿಯಾ ಆಗಬಹುದು, ಕಣ್ಣಿಗೂ ಪೆಟ್ಟು ಬೀಳಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ವಯಸ್ಸು ನೋಡಿ ಎರಡು ದಿನ ವಿಟಮಿನ್ ಎ ಕೊಡುತ್ತೇವೆ.

ನಮ್ಮ ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ಮಲಯಾಳದಲ್ಲಿ ಇದಕ್ಕೆ ‘ಅಂಜಾಂಪನಿ’ ಅನ್ನುತ್ತಾರೆ. 2022ರ ಕೊನೆಯಲ್ಲಿ ಮಲಪ್ಪುರದಲ್ಲಿ ಅಂಜಾಂಪನಿ ಹರಡಿದಾಗ, ಅದು ಯಾವುದೋ ಹೊಸ ಜ್ವರ ಎಂದುಕೊಂಡ ಕನ್ನಡದ ಮನೆಗಳವರು ನನ್ನನ್ನು ಕೇಳಿದ್ದುಂಟು. ಹೊಸತಲ್ಲ, ನಮ್ಮ ದಡಾರವೇ. ಮಗುವಿನ ಕಾರ್ಡಿನಲ್ಲಿ ‘ಎಂ.ಆರ್.’ ಎಂದು ಬರೆದಿರುವುದು ಇದರ ಚುಚ್ಚುಮದ್ದು. 9 ತಿಂಗಳು ತುಂಬಿದಾಗ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಎರಡನೆಯದನ್ನು ಮರೆಯುವವರು ಜಾಸ್ತಿ. ಚುಚ್ಚಿಸಿದ ವಾರದ ಮೇಲೆ ಸ್ವಲ್ಪ ಜ್ವರ, ತೆಳು ಕೆಂಪು ಬಂದರೆ ಗಾಬರಿ ಬೇಡ. ಕೆಲವು ಮಕ್ಕಳಿಗೆ ಹಾಗಾಗುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಡೆಂಗ್ಯೂ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರಿನ ಹಾಲು ಹಿಡಿಯುವ ಚಿಪ್ಪು, ಅಂಗಳದ ಹಳೆ ಟಯರು, ಎಲ್ಲದರಲ್ಲೂ ಮಳೆನೀರು ನಿಲ್ಲುತ್ತದೆ. ಅಲ್ಲೇ ಸೊಳ್ಳೆ ಮರಿಯಾಗುತ್ತದೆ. ಡೆಂಗ್ಯೂವಿನಲ್ಲೂ ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಡುತ್ತದೆ, ಆಮೇಲೆ ಮೈ ಕೆಂಪಾಗಬಹುದು. ಅಜ್ಜಿಯ ಬೆರಳ ಲೆಕ್ಕದ ಹಾಗೆಯೇ ಕಾಣುತ್ತದೆ, ಅಲ್ವಾ? ವ್ಯತ್ಯಾಸ ಗೊತ್ತಾಗುವುದು ಮಗುವಿನ ಮುಖದಲ್ಲಿ. ರೋಸಿಯೋಲಾದ ಮಗು ಜ್ವರ ಬಿಟ್ಟ ಕೂಡಲೇ ಆಡುತ್ತದೆ. ಡೆಂಗ್ಯೂ ಬಿಗಡಾಯಿಸುವುದೇ ಜ್ವರ ಬಿಟ್ಟ ಒಂದೆರಡು ದಿನದಲ್ಲಿ. ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆಯ ಕೈಕಾಲು, ಮೂಗಿನಲ್ಲೋ ವಸಡಿನಲ್ಲೋ ರಕ್ತ, ಆರು ಗಂಟೆ ಕಳೆದರೂ ಮೂತ್ರವಿಲ್ಲ, ಮಗು ಸುಮ್ನೆ ಮಲಗಿಯೇ ಇದೆ. ಇವುಗಳಲ್ಲಿ ಒಂದು ಕಂಡರೂ ‘ಜ್ವರ ಬಿಟ್ಟಿತಲ್ಲ’ ಎಂದು ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ, ಮಂಗಳೂರಿನ ಯೋಚನೆ ಆಮೇಲೆ. ದಾರಿಯ ಒಂದೂವರೆ ಗಂಟೆಯಲ್ಲಿ ಕಳೆದುಹೋಗುವುದು ಜಾಸ್ತಿ.

ಇನ್ನೊಂದು ಪರೀಕ್ಷೆಯನ್ನು ಎಲ್ಲ ಮನೆಯವರೂ ಕಲಿಯಬೇಕು. ಗಾಜಿನ ಲೋಟದ ಬದಿಯನ್ನು ಕೆಂಪು ಚುಕ್ಕೆಯ ಮೇಲೆ ಒತ್ತಿ ನೋಡಿ. ಸಾಮಾನ್ಯ ಕೆಂಪು ಮಾಯವಾಗುತ್ತದೆ. ಒತ್ತಿದರೂ ಹಾಗೆಯೇ ಉಳಿದರೆ ಅದು ಚರ್ಮದೊಳಗೆ ಜಿನುಗಿದ ರಕ್ತ. ಜ್ವರದ ಜೊತೆ ಹೀಗಿದ್ದರೆ ನಡುರಾತ್ರಿಯಾದರೂ ಹೊರಡಿ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಕೆಂಪು ಕಾಣುವುದೇ ಕಷ್ಟ. ಅಂಗೈ, ಅಂಗಾಲು, ಕೆಳರೆಪ್ಪೆಯ ಒಳಗೆ, ಬಾಯೊಳಗೆ ನೋಡಿ. ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ನನ್ನ ಕೋಣೆ ತಲುಪುವಾಗ ಎಷ್ಟೋ ಕೆಂಪು ಮಾಸಿರುತ್ತದೆ.

ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಜ್ವರ ಬಂದರೆ ಮೈ ಕೆಂಪಾಗುವವರೆಗೆ ಕಾಯುವುದೇ ಬೇಡ, ಅಂದೇ ತೋರಿಸಿ. ಜ್ವರ ಐದು ದಿನ ದಾಟಿ, ಕಣ್ಣು ಕೆಂಪಾಗಿ, ತುಟಿ ಒಡೆದು, ಕೈಕಾಲು ಊದಿದ್ದರೂ ತಡ ಮಾಡಬೇಡಿ. ಕಾವಸಾಕಿ ಎಂಬ ಕಾಯಿಲೆ ಹೃದಯದ ರಕ್ತನಾಳಕ್ಕೇ ಹೋಗುತ್ತದೆ. ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ, ಹತ್ತು ದಿನದೊಳಗೆ ಕೊಟ್ಟರೆ ಹೆಚ್ಚು ಪ್ರಯೋಜನ.

ಇನ್ನು ಪ್ಯಾರಾಸಿಟಮಾಲ್. ಮಗುವಿನ ತೂಕದ ಒಂದು ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಸಾಕು. 10 ಕಿಲೋ ಮಗುವಿಗೆ 150 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಬಾಟಲಿಗಳು ಒಂದೇ ಥರ ಇಲ್ಲ. 5 ಮಿಲಿಯಲ್ಲಿ 125 ಇರುವ ಸಿರಪ್ ಆದರೆ 6 ಮಿಲಿ. 250 ಇರುವುದಾದರೆ 3 ಮಿಲಿ. ಒಂದು ಮಿಲಿಯಲ್ಲೇ 100 ಇರುವ ಡ್ರಾಪ್ಸ್ ಆದರೆ ಒಂದೂವರೆ ಮಿಲಿ ಮಾತ್ರ. ಸಿರಪ್ಪಿನ 6 ಮಿಲಿ ನೆನಪಿಟ್ಟುಕೊಂಡು ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಆಯಿತು. ಹೀಗಾದದ್ದನ್ನು ನಾನು ಕಂಡಿದ್ದೇನೆ. ಡೆಂಗ್ಯೂ ಸಂಶಯವಿದ್ದರೆ ಐಬುಪ್ರೊಫೆನ್ ಎಂಬ ಇನ್ನೊಂದು ಜ್ವರದ ಔಷಧಿ ಬೇಡವೇ ಬೇಡ, ರಕ್ತಸ್ರಾವ ಹೆಚ್ಚಬಹುದು. ಎದೆಹಾಲು, ಗಂಜಿತಿಳಿ, ಬೊಂಡದ ನೀರು, ಮಗು ಕುಡಿದಷ್ಟು ಕೊಡುತ್ತಾ ಇರಿ. ಉಗುರುಬೆಚ್ಚಗಿನ ನೀರಲ್ಲಿ ಮೀಯಿಸಬಹುದು.

ಅಂಗನವಾಡಿಯಿಂದ ಮನೆಗೆ ಬರುವುದು ಹೆಚ್ಚಾಗಿ ಕೈ-ಕಾಲು-ಬಾಯಿ ಕಾಯಿಲೆ. ಕೇರಳದಲ್ಲಿ 2022ರಲ್ಲಿ ‘ಟೊಮೆಟೊ ಜ್ವರ’ ಎಂದು ಸುದ್ದಿಯಾದದ್ದೂ ಬಹುತೇಕ ಇದೇ. ಅಂಗೈ, ಅಂಗಾಲು, ಕುಂಡೆಯಲ್ಲಿ ಗುಳ್ಳೆ, ಬಾಯಲ್ಲಿ ಹುಣ್ಣು. ಬಾಯಿ ಉರಿಯುವುದರಿಂದ ಮಗು ಕುಡಿಯುವುದಿಲ್ಲ, ಕಷ್ಟವಿರುವುದು ಅಲ್ಲಿ. ತಣ್ಣನೆಯ ಮಜ್ಜಿಗೆ, ಆರಿಸಿದ ಗಂಜಿ ಚಮಚದಲ್ಲಿ ಕೊಡಿ. ವಾರದಲ್ಲಿ ಗುಣವಾಗುತ್ತದೆ. ತಿಂಗಳು ಕಳೆದ ಮೇಲೆ ಕೆಲವು ಮಕ್ಕಳ ಉಗುರು ಕಳಚಿ ಬೀಳುತ್ತದೆ. ಆಗ ತಾಯಂದಿರು ಅಳುತ್ತಾ ಓಡಿಬರುತ್ತಾರೆ. ಬೆರಳನ್ನು ಬೆಳಕಿಗೆ ಹಿಡಿದು ನೋಡಿ. ಕೆಳಗಿನಿಂದ ಹೊಸ ಉಗುರು ಆಗಲೇ ಬರುತ್ತಿರುತ್ತದೆ.